ಮೂವತ್ತರ ಗೆರೆ

ಮೊದಲ ಸಲ ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು.
ಇಪ್ಪತ್ತರಿಂದ ಗುಣಿಸಿದರೆ ಐನೂರ ತೊಂಬತ್ತೆಂಟು.
ಆರುನೂರರ ಒಳಗೇ. ಕುಡಿಯಬಹುದು ಎಂದು ಬರೆದು
ಸೀಲು ಒತ್ತಿ ಊಟಕ್ಕೆ ಏಳಬಹುದು.

ಏಳಲು ಹೋದಾಗ ಕಂಡಿತು:
ಬ್ಯೂರೆಟ್ಟಿನ ತಲೆಯ ಮೇಲೆ ಆಲಿಕೆ ಹಾಗೇ ಕೂತಿದೆ,
ಮದುವೆ ಮುಗಿದರೂ ಹೊರಡದ ನೆಂಟನಂತೆ,
ಕುತ್ತಿಗೆಯಿಂದ ಹನಿ ಜಾರಿಸುತ್ತ.
ನಾನು ಕೆಳಗೆ ಇಳಿಸಿದ್ದನ್ನು
ಅದು ಮೇಲಿಂದ ತುಂಬಿದೆ.
ಎಷ್ಟು ಹನಿ? ಎರಡೋ, ನಾಲ್ಕೋ.
ಸುಳ್ಳಿಗೆ ಅಷ್ಟು ಸಾಕು.

ನೀರು ಶಿಡ್ಲಘಟ್ಟದ್ದು. ತಂದವಳು ಮುಬೀನಾ,
ನೂಲು ತೆಗೆಯುವ ಮನೆಯವಳು,
ಚಿಕ್ಕಬಳ್ಳಾಪುರದವರೆಗೆ ಬಸ್ಸಲ್ಲಿ,
ಜ್ಯೂಸಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು.
(ತೊಳೆದಿರಾ? ಇದೇ ನೀರಲ್ಲಿ? ಮೂರು ಸಲ? ಎಂದು ಗದರಿಸಿದ್ದೆ.)
"ಗೂಡು ಸರಿಯಾಗಿ ಬೇಯಲ್ಲ ಮೇಡಂ, ಎಳೆ ಕಡಿಯುತ್ತೆ.
ಬೇಳೆ ಅಂತೂ ಹತ್ತು ವಿಶಲ್ ಆದ್ರೂ ಕಲ್ಲು."

ಅದೇ ಊರಿನ ಸರ್ಕಾರಿ ಕಾಲೇಜಿನ ಲ್ಯಾಬು,
ಅಟೆಂಡರ್ ಇನಾಯತ್ ಸಾಬರು.
ಓದಿದ್ದು ಏಳನೇ ಕ್ಲಾಸು. ಕೆಲಸಕ್ಕೆ ಸೇರುವ ಮುಂಚೆ
ಹನ್ನೆರಡು ವರ್ಷ ಕುದಿನೀರಲ್ಲಿ ಗೂಡು ತಡವಿದ ಕೈ.
ಬೆರಳ ತುದಿ ಬೆಂದು, ಬಿಳುಚಿ, ಗೆರೆಯೇ ಇಲ್ಲ.
ಮೇಷ್ಟ್ರು ಬೋರ್ಡಿನ ಮೇಲೆ ಸೂತ್ರ ಬರೆಯುವಾಗ
ಇವರು ಪಕ್ಕಕ್ಕೆ ಬಂದು ಪಿಸುಗುಡುವರು:

ಬ್ಯೂರೆಟ್ಟನ್ನ ಅದಕ್ಕೆ ಹಾಕೋ ದ್ರಾವಣದಲ್ಲೇ ತೊಳಿ,
ಫ್ಲಾಸ್ಕನ್ನ ಬರೀ ನೀರಲ್ಲಿ. ಅದಲುಬದಲು ಮಾಡ್ಬೇಡ.
ಮೂತೀಲಿ ಗುಳ್ಳೆ ಕೂತಿದೆ, ಒಂದು ಸಲ ಜೋರಾಗಿ ಬಿಟ್ಟು ಓಡಿಸು.
ಕಣ್ಣು ಗೆರೆಗೆ ಸಮ. ಕುಳ್ಳಿ ಇದೀಯ, ಸ್ಟೂಲು ಹತ್ತು.
ಪರ್ಮ್ಯಾಂಗನೇಟಿಗೆ ಮೇಲಿನಂಚು ಓದು, ಗಾಢ ಅಲ್ವಾ, ತಳ ಕಾಣಲ್ಲ.
ಕೊನೇಲಿ ಹನಿ ಹನಿ. ಆಮೇಲೆ ಅರ್ಧ ಹನಿ,
ಅಗೋ ನೇತಾಡ್ತಿದೆಯಲ್ಲ,
ಅದನ್ನ ಫ್ಲಾಸ್ಕಿನ ಒಳಗೋಡೆಗೆ ಮುಟ್ಟಿಸಿ, ತೊಳೆದು ಇಳಿಸು.
ಗೂಡಲ್ಲಿ ಎಳೆ ತುದಿ ಹಿಡಿದ ಹಾಗೆ.
ಎಳೆದ್ರೆ ಕಡಿಯುತ್ತೆ, ಬಿಟ್ರೆ ಮುಳುಗುತ್ತೆ.

ಪರೀಕ್ಷೆಯ ದಿನ ನನಗೆ ಬಂದದ್ದು ಹನ್ನೊಂದು ಪಾಯಿಂಟ್ ಮೂರು.
ಮತ್ತೆ ಮಾಡಿದರೂ ಹನ್ನೊಂದು ಪಾಯಿಂಟ್ ಮೂರು.
ಸೀನಿಯರಕ್ಕನ ರೆಕಾರ್ಡಿನಲ್ಲಿ ಒಂಬತ್ತು ಪಾಯಿಂಟ್ ಎಂಟು.
ನನ್ನದನ್ನು ಉಜ್ಜಿ ಉಜ್ಜಿ ಅಳಿಸಿ
ಒಂಬತ್ತು ಪಾಯಿಂಟ್ ಎಂಟು ಎಂದು ಮೂರು ಸಲ ಬರೆದೆ,
ದುಂಡಗೆ.

ಫ್ಲಾಸ್ಕು ಎತ್ತಲು ಬಂದ ಸಾಬರು ಪುಟ ನೋಡಿದರು,
ಫ್ಲಾಸ್ಕಿನ ನಸುಗುಲಾಬಿ ನೋಡಿದರು.
"ಇದು ಹೋದ ವರ್ಷದ ನೀರಮ್ಮ. ಈ ಸಲ
ತೂಗಿ ಕಲಸಿದವನು ನಾನು.
ನಿನ್ನ ಕಣ್ಣು ಸರಿಯಾಗೇ ಇತ್ತು."
ಅಷ್ಟೇ. ಯಾರಿಗೂ ಹೇಳಲಿಲ್ಲ.
ಅಂಕ ಎಷ್ಟು ಬಂತೋ, ನೆನಪಿಲ್ಲ.

ಆಲಿಕೆ ತೆಗೆದಿಡುತ್ತೇನೆ. ಇನ್ನೊಮ್ಮೆ ಐವತ್ತು ಎಂಎಲ್.
ಬಫರಿನ ಘಾಟು ಮೂಗಿಗೇರುತ್ತದೆ. ಒಂದು ಚಿಟಿಕೆ ಬಣ್ಣ:
ತೋಟದಲ್ಲಿ ಈಗಷ್ಟೇ ಕಾಯಿ ತಿರುಗಿದ ದ್ರಾಕ್ಷಿಯ ಕೆಂಪು.
ಮೂವತ್ತಕ್ಕೆ ಬಂದೆ. ಕೆಂಪಿನದೊಂದು ನೆನಪು ಇನ್ನೂ ಉಳಿದಿದೆ.
ಇಲ್ಲೇ ನಿಲ್ಲಿಸಿದರೂ ಕೇಳುವವರಿಲ್ಲ.
ಒಂದು ಹನಿ. ತಿರುಗಿಸುತ್ತೇನೆ, ಕಾಯುತ್ತೇನೆ,
ಗಡಸು ನೀರಿಗೆ ಅವಸರವಿಲ್ಲ.
ಇನ್ನೊಂದು.
ನೀಲಿ.

ಮೂವತ್ತು ಪಾಯಿಂಟ್ ಒಂದು. ಮೂರನೆಯ ಸಲವೂ ಅಷ್ಟೇ.
ಆರುನೂರ ಎರಡು.

ಆರುನೂರ ಎರಡಕ್ಕೂ ಐನೂರ ತೊಂಬತ್ತೆಂಟಕ್ಕೂ
ಬೇಳೆ ಭೇದ ಮಾಡುವುದಿಲ್ಲ, ನನಗೆ ಗೊತ್ತು.
"ಅಂದ್ರೆ ಒಳ್ಳೇದಾ, ಕೆಟ್ಟದ್ದಾ?" ಮುಬೀನಾ ಕೇಳಿದಳು.
ಗಡಸು, ಎಂದೆ.
"ಅದು ನಂಗೂ ಗೊತ್ತಿತ್ತಲ್ಲ ಮೇಡಂ," ನಕ್ಕಳು,
ಗೆರೆಯಿಲ್ಲದ ಬೆರಳುಗಳಲ್ಲಿ ಕಾಗದ ಮಡಿಸುತ್ತ.

ಅವಳು ಹೋದ ಮೇಲೆ ರಿಜಿಸ್ಟರು ತೆರೆದೆ.
ಮೊದಲ ಅಂಕಿಯನ್ನು ಅಳಿಸಲಿಲ್ಲ.
ಅದರ ಮುಂದೆ ಸಣ್ಣಗೆ ಬರೆದೆ:
ಆಲಿಕೆ ತೆಗೆದಿರಲಿಲ್ಲ.